ಎರಡು ಬೆರಳಿನ ಜಾಗ

ಅಪ್ಪನಿಗೆ ನಮಸ್ಕಾರ.

ನೀವು ಮುನಿಸಿಕೊಂಡು ಚಿಕ್ಕಪ್ಪನ ಮನೆಗೆ ಹೋಗಿ ಹನ್ನೆರಡು ದಿನವಾಯಿತು. ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಪತ್ರ.

ಹಳೆಯ ಕಾರಿಗೆ ದೊಡ್ಡ ಇಂಜಿನ್ ಹಾಕಬೇಕೆಂದು ಹಟ ಹಿಡಿದವರು ನೀವು. ಅದನ್ನು ಕೂರಿಸಿದ ಮೇಲೆ ಅಡಿಯ ಆಯಿಲ್ ಚೇಂಬರು ಮುಂದಿನ ಆಕ್ಸಲ್‌ಗೆ ತಾಗುವಂತಿತ್ತು. ಚೇಂಬರನ್ನೇ ಕೊಯ್ದು ಗಿಡ್ಡ ಮಾಡೋಣ ಎಂದೆ. "ಮೂವತ್ತು ವರ್ಷದಿಂದ ಗಾಡಿ ಬಿಚ್ತಿದೀನಿ, ನಂಗೇ ಹೇಳ್ಕೊಡ್ತೀಯಾ? ಸ್ಪ್ರಿಂಗಿಗೆ ಬಿಲ್ಲೆ ಕೊಟ್ಟು ಗಾಡೀನೇ ಎತ್ತರಿಸು" ಎಂದಿರಿ. ಎತ್ತರಿಸಿದೆ. ನಿಂತಾಗ ಜಾಗವಿತ್ತು. ನಮ್ಮ ಬೀದಿಯ ಮೊದಲ ರಸ್ತೆ ಹಂಪಿನಲ್ಲೇ ಸ್ಪ್ರಿಂಗ್ ಪೂರ್ತಿ ಕುಗ್ಗಿ, ಆಕ್ಸಲ್ ಮೇಲೆದ್ದು ಚೇಂಬರನ್ನು ಒಡೆಯಿತು. ಬೀದಿಯುದ್ದಕ್ಕೂ ಎಣ್ಣೆ. ಅಷ್ಟು ಜನರ ಮುಂದೆ ನೀವು "ಫಿಟ್ಟಿಂಗ್ ಇವಳದ್ದು" ಅಂದುಬಿಟ್ಟಿರಿ. ಬಿಲ್ಲೆ ಹಾಕಿಸಿದ್ದು ನೀವೇ ಎಂದು ನಾನು ಅಂದಿದ್ದಕ್ಕೆ ಮುನಿಸಿಕೊಂಡು ಹೊರಟಿರಿ. ನೀವು ಅಂದ ಆ ಮಾತನ್ನು ಮಾತ್ರ ನನಗೆ ನುಂಗಿಕೊಳ್ಳಲು ಆಗುತ್ತಿಲ್ಲ.

ಈಗ ಚೇಂಬರಿನ ಮುಂಭಾಗವನ್ನು ಗಿಡ್ಡ ಮಾಡಿ, ಎಣ್ಣೆ ಕಡಿಮೆಯಾಗದಂತೆ ಹಿಂಭಾಗವನ್ನು ಅಗಲಿಸಿ ವೆಲ್ಡ್ ಮಾಡಿದ್ದೇನೆ. ಮೂರು ಸಲ ಸೋರಿತು, ಮೂರು ಸಲವೂ ಬೈದುಕೊಂಡೇ ಇಳಿಸಿ ಮತ್ತೆ ಬೆಸೆದೆ. ಸ್ಪ್ರಿಂಗ್ ತೆಗೆದು ಜಾಕಿನಿಂದ ಆಕ್ಸಲನ್ನು ಕೊನೆಯವರೆಗೂ ಎತ್ತಿ ನೋಡಿದೆ. ಎರಡು ಬೆರಳು ಆಡುವಷ್ಟು ಜಾಗವಿದೆ. ನಿನ್ನೆ ಅಮ್ಮನನ್ನು ಕೂರಿಸಿಕೊಂಡು ಅದೇ ಹಂಪನ್ನು ಹನ್ನೊಂದು ಸಲ ದಾಟಿದೆ. "ಸಾಕು ಬಿಡೇ, ಗಾಡಿ ಗಟ್ಟಿ ಇದೆ, ನನ್ನ ಸೊಂಟ ಕಳಚ್ತು" ಅಂದಳು.

ಭಾನುವಾರ ಬೆಳಿಗ್ಗೆ ಇಬ್ಬರೂ ಅದೇ ಕಾರಿನಲ್ಲಿ ಬರುತ್ತೇವೆ. ಬಟ್ಟೆ ಜೋಡಿಸಿಟ್ಟುಕೊಳ್ಳಿ. ಗಾಡಿ ನಾನೇ ಓಡಿಸುತ್ತೇನೆ. ನೀವು ಹಿಂದೆ ಅಮ್ಮನ ಪಕ್ಕ ಕೂತುಕೊಳ್ಳಿ, ಗೇರ್ ಯಾವಾಗ ಬದಲಿಸಬೇಕೆಂದು ದಯವಿಟ್ಟು ಹೇಳಬೇಡಿ.

ಇಂತಿ,
ನಿಮ್ಮ ಮೊಂಡು ಮಗಳು