ಮಾಸೂಮಾಳ ಕುರ್ಚಿ

ಮಾಸೂಮಾಳ ಅಬ್ಬಾ,

ಕೂಸು ಇನ್ನೂ ಮಲಗೈತೆ. ನಾನು ಬೆಳಗಿನ ರೈಲಿಗೆ ದಾವಣಗೆರೆಗೆ ಹೊರಟೀನಿ. ಅಲ್ಲಿ ಓಬವ್ವ ಅನ್ನೋರ ಮಗನಿಗೂ ನಮ್ಮ ಕೂಸಿನಂಗೇ ಹುಟ್ಟುವಾಗ ಮೆದುಳಿಗೆ ಪೆಟ್ಟಾಗಿ ಕೈಕಾಲು ಬಿಗಿ ಐತಂತೆ. ಡಾಕ್ಟರು ವಿಳಾಸ ಕೊಟ್ಟಾರೆ. ಹೆಂಗೆ ನೋಡ್ಕೊಂತಾರೋ ಕೇಳಿಕೊಂಡು ಸಂಜೆಗೆ ಬರ್ತೀನಿ.

ಊರಿನ ಬಂಡಿಗಾಲಿಗೆಲ್ಲ ಅಳತೆ ತಪ್ಪದ ಬಡಗಿ ನೀವು, ಮಗಳ ಕುರ್ಚಿ ಮಾತ್ರ ಅಮಲ್ದಾರರಿಗೆ ಮಾಡಿದಂಗೆ ಎತ್ತರ ಐತೆ! ಅವಳ ಪಾದ ನೆಲಕ್ಕೆ ತಾಗಬೇಕಂತೆ. ಕುರ್ಚಿಯ ಕಾಲು ನಾಲ್ಕು ಬೆರಳಷ್ಟು ಕೊಯ್ರಿ.

ಅವಳನ್ನ ಮಲಗಿಸಿ ಗಂಜಿ ಕುಡಿಸಬ್ಯಾಡ್ರಿ, ಕೂಡಿಸಿ ಕುಡಿಸ್ರಿ. ಅವಳಿಗೆ ಎಲ್ಲಾ ತಿಳೀತೈತೆ, ಮಾತು ಬರೋದು ತಡ ಅಷ್ಟೆ. ನೀವೋ, ಕೇಳೋರೂ ನೀವೇ, ಜವಾಬು ಹೇಳೋರೂ ನೀವೇ.

ನಿನ್ನೆ "ಹೋಗಿ ಬರ್ಲಾ?" ಅಂತ ಅವಳನ್ನ ಕೇಳಿ ಎದ್ದು ನಡೆದ್ರಿ. ನೀವು ಓಣಿ ದಾಟಿದ ಮೇಲೆ ಅವಳು "ಅಬ್ಬಾ" ಅಂತ ನಿಮ್ಮನ್ನ ಕರೆದ್ಲು.

ಇವತ್ತು ಕೇಳಿದ ಮೇಲೆ ಸ್ವಲ್ಪ ಕೂಡ್ರಿ.