ಪಾರಿವಾಳ ಜಾರಿದ ಕಿಟಕಿ

ಪ್ರೀತಿಯ ಚಿಕ್ಕಮ್ಮ,

ಇವತ್ತು ಬೆಳಿಗ್ಗೆ ಒಂದು ಪಾರಿವಾಳ ಅರಮನೆಯ ಕಿಟಕಿಯ ಮೇಲೆ ಕೂರಲು ಹೋಗಿ, ಗೋಡೆ ಕೆರೆದುಕೊಂಡು ಜಾರಿಬಿಟ್ಟಿತು. ಈ ಕಾರ್ಡಿನ ಚಿತ್ರದಲ್ಲಿ ಬಲಗಡೆ ಮೇಲಿದೆಯಲ್ಲ, ಅದೇ ಕಿಟಕಿ. ಅದು ಕಿಟಕಿಯೇ ಅಲ್ಲ, ಗೋಡೆಗೆ ಬಳಿದ ಬಣ್ಣ! ಈ ರಾಜಧಾನಿಯಲ್ಲಿ ಗೈಡ್ ಕೆಲಸಕ್ಕೆ ಸೇರಿದಾಗಿನಿಂದ, "ರಾಣಿ ಇಲ್ಲೇ ನಿಂತು ಯುದ್ಧಕ್ಕೆ ಹೋದ ಗಂಡನ ದಾರಿ ಕಾಯುತ್ತಿದ್ದಳು" ಎಂದು ದಿನವೂ ಪ್ರವಾಸಿಗರಿಗೆ ಹೇಳುತ್ತಿದ್ದೇನೆ. ನಿನ್ನೆ ಅದನ್ನು ಕೇಳಿ ಒಬ್ಬರು ಅಜ್ಜಿ ನನ್ನ ಕೈ ಹಿಡಿದುಕೊಂಡು ಅತ್ತರು.

ಇದು ಸುಳ್ಳಲ್ಲವೇ ಎಂದು ಕಥೆ ಕಲಿಸಿದ ಹಿರಿಯ ಗೈಡನ್ನೇ ಕೇಳಿದೆ. "ಸಾಹಿತ್ಯ ಓದಿದವಳು ನೀನೇ ಹೀಗಂದ್ರೆ ಹೇಗಮ್ಮ? ಗೋಡೆ ಸುಳ್ಳಾದ್ರೆ ಆ ಅಜ್ಜಿ ಅಳು ಸುಳ್ಳಾ? ಕಿಟಕಿ ವಿಷಯ ಬಾಯಿಬಿಟ್ರೆ ಮಾರನೇ ದಿನದಿಂದ ಬರ್ಬೇಡ" ಎಂದರು. ರಾಣಿಯಾದರೂ ಇದ್ದಳೋ ಇಲ್ಲವೋ, ಈಗ ಅದೂ ಅನುಮಾನ.

ಕೂಗಿ ಕೂಗಿ ಗಂಟಲು ಕಟ್ಟಿದೆ. ಬಿಸಿನೀರು ಕುಡಿಯುತ್ತಿದ್ದೇನೆ, ಗಾಬರಿಯಾಗಬೇಡ. ಬಸ್ಸಿನವರು ಹಾರ್ನ್ ಹೊಡೆಯುತ್ತಿದ್ದಾರೆ.

ನಾಳೆ ಮೊದಲು ಪಾರಿವಾಳದ ವಿಷಯ ಹೇಳಿ, ಆಮೇಲೆ ರಾಣಿಯ ಕಥೆ ಹೇಳುತ್ತೇನೆ. ಕೆಲಸ ಹೋದರೆ ಸೀದಾ ನಿನ್ನ ಮನೆಗೆ ಬರುತ್ತೇನೆ. ಅಪ್ಪನಿಗೆ ಈಗಲೇ ಹೇಳಬೇಡ.

ನಿನ್ನ ಮಗಳು