ಕುರ್ಚಿಯ ನೆರಳು

ಬ್ರಸೆಲ್ಸ್, ಸೋಮವಾರ
11 ಮಾರ್ಚ್ 1935

ಪ್ರೀತಿಯ ಗೋಡ್ಲೀವ್,

ನೀನು ಮನೆ ಬಿಟ್ಟು ಮೂರು ವರ್ಷದ ಮೇಲೆ ‘ಪ್ರೀತಿಯ’ ಎಂದು ಬರೆಯುತ್ತಿದ್ದೇನೆ, ಮುಖ ಸಿಂಡರಿಸಬೇಡ. ಓಸ್ಟೆಂಡ್‌ನಿಂದ ನೀನು ಬರೆದು ಕಳಿಸಿದ ಚಿತ್ರಕ್ಕೆ ಚೌಕಟ್ಟು ಹಾಕಿಸಿದ್ದೇನೆ. ಶನಿವಾರದ ಪ್ರದರ್ಶನಕ್ಕೆ ಒಯ್ಯುವುದಷ್ಟೇ ಬಾಕಿ. ಅದಕ್ಕೆ ಮೊದಲು ಒಂದು ಮಾತು ಹೇಳಲೇಬೇಕು, ಹೇಳಲು ನಾಚಿಕೆಯಾಗುತ್ತಿದೆ.

ನಮ್ಮ ಅಡುಗೆಮನೆಗೆ ಸಮುದ್ರ ನುಗ್ಗಿರುವುದು, ದೀಪದ ಗಾಜಿನೊಳಗೆ ಮೀನು ಈಜುವುದು, ಇವೆಲ್ಲ ಕನಸುಗಳನ್ನೇ ಚಿತ್ರ ಬರೆಯುವ ನಿನ್ನ ಗುಂಪಿನವರ ಹುಚ್ಚಾಟ ಎಂದು ಬಿಟ್ಟಿದ್ದೆ. ಆದರೆ ನೀರಿನ ಮೇಲೆ ನನ್ನ ಕುರ್ಚಿ, ಖಾಲಿ! ಗೋಡೆಯ ಮೇಲೆ ಬಿದ್ದ ಅದರ ನೆರಳಿನಲ್ಲಿ ಮಾತ್ರ ಟೋಪಿ ಹಾಕಿದ ಗಂಡಸು. ಚೌಕಟ್ಟಿನಂಗಡಿಯ ಆರ್ಮಾಂಡ್ ಕಣ್ಣು ಮಿಟುಕಿಸಿ, “ಏನ್ ಮೇಷ್ಟ್ರೇ, ಮನುಷ್ಯ ನಾಪತ್ತೆ, ನೆರಳು ಮಾತ್ರ ಟೋಪಿ ಹಾಕ್ಕೊಂಡು ಕೂತಿದೆ! ನೀವು ಸಂಸಾರ ಮಾಡಿದ್ದೂ ಹೀಗೇನಾ?” ಎಂದ. ಅಂಗಡಿಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ಮನೆಗೆ ತಂದವನೇ ಬಣ್ಣ ಕಲಸಿ ಆ ಗಂಡಸನ್ನು ಮುಚ್ಚಿಬಿಟ್ಟೆ. ಖಾಲಿ ಕುರ್ಚಿಗೆ ಖಾಲಿ ಕುರ್ಚಿಯದೇ ನೆರಳು ಬರೆದೆ. ಇಪ್ಪತ್ತು ವರ್ಷ ಕಲಾಶಾಲೆಯಲ್ಲಿ ನೆರಳಿನ ಪಾಠ ಹೇಳಿದವನು, ತಪ್ಪು ತಿದ್ದಿದೆ ಎಂದುಕೊಂಡೆ. ಸುಳ್ಳು. ಅವಮಾನ ತಡೆಯಲಾಗಲಿಲ್ಲ, ಅಷ್ಟೇ.

ನಿನ್ನೆ ನಿನ್ನ ತಾಯಿಯ ಮನೆಯಿಂದ ನಮ್ಮ ಲಿಸ್ಬೆಟ್ ಬಂದಿದ್ದಳು. ಹಿಟ್ಟು ಕಲಸಿದ ಕೈ ತೊಳೆದು ಬರುವಷ್ಟರಲ್ಲಿ, ಚಿತ್ರಕ್ಕೆ ಮೂಗು ತಾಗಿಸಿ ನಿಂತಿದ್ದಳು. “ಅಪ್ಪಾ, ನಾನೆಲ್ಲಿ ಹೋದೆ? ನೆರಳಲ್ಲಿ ನಿನ್ ತೊಡೆ ಮೇಲೆ ಕೂತಿದ್ನಲ್ಲ, ಜಡೆ ಕೂಡ ಇತ್ತು! ಅಪ್ಪ ಬಂದ್ರೆ ಕೂರೋ ಜಾಗ ಅಂತ ಓಸ್ಟೆಂಡ್‌ನಲ್ಲಿ ಇದನ್ನ ಬರೀತಾ ಅಮ್ಮ ಹೇಳಿದ್ಲು,” ಎಂದಳು.

ಟೋಪಿ ಕಂಡೊಡನೆ ಉರಿದುಬಿದ್ದವನು ಕೆಳಗೆ ಕಣ್ಣು ಹಾಯಿಸಲೇ ಇಲ್ಲ ಗೋಡ್ಲೀವ್. ಮೊದಲು ನೋಡಿ, ಆಮೇಲೆ ಬರೆಯಿರಿ ಎಂದು ದಿನಾ ಮಕ್ಕಳನ್ನು ಗದರುವವನು ನಾನೇ. ಥೂ.

ಈ ಪತ್ರ ಮುಗಿಸಿ ಟರ್ಪೆಂಟೈನ್ ಹಾಕಿ ನನ್ನ ಬಣ್ಣವನ್ನು ಒರೆಸುತ್ತೇನೆ. ಅಡಿಯಲ್ಲಿ ನಿನ್ನದು ಒಣಗಿದೆ, ಹಾಗೆಯೇ ಇರುತ್ತದೆ. ಕ್ಷಮೆ ಕೇಳಲು ನನಗೆ ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ.

ಇನ್ನೂ ಹೀಗೆ ಬರೆಯಬಹುದಾದರೆ, ನಿನ್ನ
ಫ್ಲೋರಿಸ್

ತಾ.ಕ.: ಒರೆಸಿದೆ. ಟೋಪಿ ಬಂತು, ಭುಜ ಬಂತು. ತೊಡೆಯ ಹತ್ತಿರ ನಿನ್ನ ಬಣ್ಣ ಇನ್ನೂ ಹಸಿಯಿತ್ತು. ನೆರಳಿನ ಮಗು ಒರೆಸುವ ಬಟ್ಟೆಗೆ ಅಂಟಿಕೊಂಡು ಅಳಿಸಿಹೋಯಿತು. ಲಿಸ್ಬೆಟ್‌ಗೆ ಹೇಳಿಲ್ಲ. ಕುಂಚವನ್ನೂ ಮುಟ್ಟಿಲ್ಲ. ಶನಿವಾರದೊಳಗೆ ನೀನೇ ಬಾ. ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ನೀನು ಬರೆದು ಮುಗಿಸುವವರೆಗೂ ಆ ಕುರ್ಚಿಯಲ್ಲಿ ಅಲ್ಲಾಡದೆ ಕೂತಿರುತ್ತೇನೆ. ಟೋಪಿ ಹಾಕಿಕೊಂಡೇ.